ಬಾಡಿಗೆಗೆ ಬಂದ ಕಿರೀಟ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕಕ್ಕೆ ಅಚ್ಚು ಹಾಕಿಸುವ ಕರಪತ್ರಕ್ಕೆ ಒಂದು ಗೊತ್ತಾದ ಕ್ರಮವಿದೆ. ನೆತ್ತಿಯ ಮೇಲೆ ಊರ ದೇವರ ಹೆಸರು, ಅದರ ಕೆಳಗೆ ಜ್ಯೋತಿ ಬೆಳಗುವ ಗಣ್ಯರ ಸಾಲು, ಆಮೇಲೆ ‘ಕುರುಕ್ಷೇತ್ರ’ ಎಂದೋ ‘ದಕ್ಷಯಜ್ಞ’ ಎಂದೋ ದಪ್ಪಕ್ಷರದಲ್ಲಿ ನಾಟಕದ ಹೆಸರು, ಪಾರ್ಟುಗಳ ಪಟ್ಟಿ. ಎಲ್ಲ ಮುಗಿದ ಮೇಲೆ, ಕಾಗದದ ಅಂಚಿಗೆ ತಾಗಿದಂತೆ, ಹಾರ್ಮೋನಿಯಂ ಮೇಷ್ಟ್ರು ಯಾರು, ತಬಲ ಯಾರದು, ಸೀನರಿ ಮತ್ತು ಡ್ರೆಸ್ ಎಲ್ಲಿಯದು ಎಂಬ ವಿವರ. ಈ ಕೊನೆಯ ಸಾಲಿನವರನ್ನು ನಮ್ಮ ರಂಗಭೂಮಿಯ ಚರಿತ್ರೆಗಳೂ ಕೊನೆಯಲ್ಲೇ ಕೂರಿಸಿವೆ. ನಾಟಕಕಾರರು, ನಟರು, ಕಂಪನಿಗಳ ಯಜಮಾನರು, ಅವರಿಗೆ ಬಿರುದು ಕೊಟ್ಟ ಅರಸರು, ಇವರೆಲ್ಲರ ಕಥೆ ಬರೆದಾದ ಮೇಲೆ ಜಾಗ ಉಳಿದರೆ ವೇಷಭೂಷಣದವರಿಗೆ ಒಂದು ಪ್ಯಾರಾ. ದೊಡ್ಡ ಕಂಪನಿಗಳ ಚರಿತ್ರೆಗೆ ಆ ಕ್ರಮ ಸರಿ ಇರಬಹುದು. ಆದರೆ ಕಂಪನಿಗಳು ಬೀಡುಬಿಡದ ಊರುಗಳಲ್ಲಿ, ಹಗಲು ಹೊಲದಲ್ಲಿ ದುಡಿದವರೇ ರಾತ್ರಿ ದುರ್ಯೋಧನರಾದ ಊರುಗಳಲ್ಲಿ, ನಾಟಕ ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಉತ್ತರ ಆ ಕೊನೆಯ ಸಾಲಿನಲ್ಲೇ ಸಿಗುತ್ತದೆ. ನಾಟಕವನ್ನು ಆಸ್ತಿವಂತರ ಕೈಯಿಂದ ಬಿಡಿಸಿ ಕೂಲಿಯವನ ಹೆಗಲ ಮೇಲೂ ಭುಜಕೀರ್ತಿ ಕೂರುವಂತೆ ಮಾಡಿದ್ದು ಬಾಡಿಗೆಯ ಡ್ರೆಸ್ಸು. ಈ ಲೇಖನದ ವಾದ ಇಷ್ಟೇ.

ಬಾಡಿಗೆ ಬರುವ ಮುಂಚೆ ಈ ಸೀಮೆಯಲ್ಲಿ ವೇಷಕ್ಕೆ ಬಡತನವಿರಲಿಲ್ಲ. ಕರಿ ಕಂಬಳಿಯ ಅಂಗಿ ತೊಟ್ಟು ಕರಡಿ ಕೂದಲಿನ ಟೊಪ್ಪಿ ಇಟ್ಟು ಡಮರುಗ ನುಡಿಸುವ ಗೊರವ, ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರ, ಮಾದಪ್ಪನ ಹೆಸರಿನಲ್ಲಿ ಕಂಸಾಳೆ ಹಿಡಿದ ದೇವರಗುಡ್ಡ, ಇವರೆಲ್ಲರೂ ಕಣ್ಣಿಗೆ ಕಟ್ಟುವ ವೇಷದವರೇ. ಆದರೆ ಆ ವೇಷ ದೀಕ್ಷೆಯಿಂದ ಬರುವಂಥದ್ದು. ಗುಡ್ಡನಾಗಿ ಬಿಡಿಸಿಕೊಂಡವನಿಗೆ ಮಾತ್ರ ಅದು ದಕ್ಕುತ್ತದೆ. ಪಕ್ಕದ ಮನೆಯವನು ಆಸೆಪಟ್ಟು ಒಂದು ರಾತ್ರಿಗೆ ತೊಟ್ಟು ಮರುದಿನ ಹಿಂದಿರುಗಿಸುವ ಮಾತೇ ಇಲ್ಲ. ಇನ್ನೊಂದು ತುದಿಯಲ್ಲಿ ಅರಮನೆಯ ನಾಟಕವಿತ್ತು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಹುಟ್ಟಿತು. ಆ ಅರಸ ಪಟ್ಟಕ್ಕೆ ಬರುವ ಮುಂಚೆ ದಿನ ಕಳೆದದ್ದು ಗುಂಡ್ಲುಪೇಟೆ ಪಕ್ಕದ ಹಂಗಳದಲ್ಲಿ. ಅರಸನ ನಂಟು ಇಷ್ಟು ಹತ್ತಿರದ್ದಾದರೂ ಆ ನಾಟಕ ಹಂಗಳದ ಬೇಸಾಯಗಾರನದಾಗಲಿಲ್ಲ. ಸಂಸ್ಕೃತದ ‘ರತ್ನಾವಳಿ’ಯನ್ನು ಅನುಸರಿಸಿದ ಆ ಕೃತಿ ಓದು ಬಲ್ಲವರ ವಲಯದೊಳಗೇ ಉಳಿಯಿತು.

ಇವೆರಡರ ನಡುವೆ ಬಯಲಾಟ. ಹಳೆ ಮೈಸೂರಿನ ಬಯಲು ಸೀಮೆಯ ಮೂಡಲಪಾಯದ ಕಿರೀಟ, ಭುಜಕೀರ್ತಿ, ಎದೆಹಲಗೆಗಳು ಮರದ ಕೆತ್ತನೆಯವು. ಹಗುರ ಮರವನ್ನು ಕಡೆದು, ಬಣ್ಣದ ಬೇಗಡೆ ಅಂಟಿಸಿ, ಗಾಜಿನ ಚೂರು ಕೂರಿಸಿದ ಆ ಕಿರೀಟಗಳು ಪಂಜಿನ ಬೆಳಕಿಗೆ ಮಾಡಿದವು; ಅಲುಗುವ ಬೆಂಕಿಯಲ್ಲಿ ಬೇಗಡೆ ಜೀವ ಪಡೆಯುತ್ತಿತ್ತು. ಇವತ್ತು ಬಯಲಾಟದ ಹಳೆಯ ವೇಷದ ಸಾಮಾನು ನೋಡಬೇಕೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ, ಜಯಲಕ್ಷ್ಮಿ ವಿಲಾಸಕ್ಕೆ ಹೋಗಬೇಕು. ಅವುಗಳ ಸೌಂದರ್ಯದ ಬಗ್ಗೆ ಎರಡು ಮಾತಿಲ್ಲ. ಪ್ರಶ್ನೆ ಬೇರೆ: ಅವು ಯಾರ ವಶದಲ್ಲಿದ್ದವು? ಒಂದು ಮೇಳದ ಕಿರೀಟಗಳನ್ನು ಕಡೆಯಿಸುವುದು, ಮಳೆಗಾಲದಲ್ಲಿ ಹುಳು ಹಿಡಿಯದಂತೆ ಕಾಪಾಡುವುದು, ಇದಕ್ಕೆಲ್ಲ ಅಟ್ಟವಿರುವ ಮನೆ ಬೇಕು, ಖರ್ಚಿಗೆ ಕಾಸು ಬೇಕು. ಆದ್ದರಿಂದ ವೇಷದ ಪೆಟ್ಟಿಗೆ ಊರ ಯಜಮಾನಿಕೆ ಇದ್ದಲ್ಲಿಗೇ ಸೇರುತ್ತಿತ್ತು. ಪೆಟ್ಟಿಗೆ ಎಲ್ಲಿತ್ತೋ ಪಾರ್ಟು ಹಂಚುವ ಅಧಿಕಾರವೂ ಅಲ್ಲಿತ್ತು.

ಈ ಏರ್ಪಾಡನ್ನು ಅಲುಗಿಸಿದ್ದು ಮೈಸೂರಿನಲ್ಲಿ ನಡೆದ ಬದಲಾವಣೆ. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದ ಮೇಲೆ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ನಿಂತಿತು. ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸರೆನಿಸಿದರು. 1884ರಲ್ಲಿ ಗುಬ್ಬಿಯ ಕಂಪನಿ ಹುಟ್ಟಿತು. 1885ರಲ್ಲಿ ರಾಜಾ ರವಿವರ್ಮ ಮೈಸೂರಿಗೆ ಬಂದರು. ಮುಂದೆ ಅವರ ಅಚ್ಚಿನ ಚಿತ್ರಗಳು ಮನೆಮನೆಯ ಗೋಡೆ ಏರಿ ದೇವರು ಯಾವ ಬಣ್ಣದ ಪೀತಾಂಬರ ಉಡಬೇಕು, ಯಾವ ಬಗೆಯ ಕಿರೀಟ ಇಡಬೇಕು ಎಂಬುದನ್ನು ಜನರ ಕಣ್ಣಲ್ಲಿ ಗಟ್ಟಿ ಮಾಡಿದವು. ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ವೀರಣ್ಣನವರ ಕಂಪನಿ, ಇವುಗಳ ರಂಗದ ಮೇಲೆ ಮರದ ಕೆತ್ತನೆ ಹಿಂದೆ ಸರಿದು ಮಖಮಲ್ಲು, ಜರಿ, ಚಮ್ಕಿ, ರಟ್ಟು ಮತ್ತು ತಗಡಿನ ಕಿರೀಟ ಮುಂದೆ ಬಂದವು. ಕಾರಣ ಫ್ಯಾಷನ್ ಮಾತ್ರವಲ್ಲ. ಗ್ಯಾಸ್‌ಲೈಟು, ಆಮೇಲೆ ವಿದ್ಯುತ್ತು ಬಂದಾಗ ಬೆಳಕು ಅಲುಗುವುದು ನಿಂತಿತು. ನಿಂತ ಬೆಳಕಿನಲ್ಲಿ ಮಿನುಗಬೇಕಾದರೆ ಬಟ್ಟೆಯೇ ಮಿನುಗಬೇಕು. ಜೊತೆಗೆ ಊರೂರು ತಿರುಗುವ ಕಂಪನಿಗೆ ಮರದ ಸಾಮಾನಿಗಿಂತ ಟ್ರಂಕಿನಲ್ಲಿ ಮಡಚಿ ಇಡಬಹುದಾದ ಬಟ್ಟೆ ಅನುಕೂಲ. 1926ರಲ್ಲಿ ನಂಜನಗೂಡಿನಿಂದ ಮುಂದಕ್ಕೆ ಚಾಮರಾಜನಗರಕ್ಕೆ ರೈಲು ಬಂತು, ಹಳಿ ಅಲ್ಲಿಗೇ ನಿಂತಿತು. ಗುಂಡ್ಲುಪೇಟೆಗೆ ಇವತ್ತಿಗೂ ರೈಲಿಲ್ಲ. ಊಟಿ ರಸ್ತೆಯೇ ಅದರ ಹೆಬ್ಬಾಗಿಲು. ಮಡಚುವ ವೇಷವಲ್ಲದೆ ಬೇರೆ ಯಾವ ವೇಷವೂ ಆ ರಸ್ತೆಯಿಂದ ಒಳಗಿನ ಹಳ್ಳಿಗಳಿಗೆ ಗಾಡಿಯಲ್ಲೋ ಬಸ್ಸಿನ ಟಾಪಿನಲ್ಲೋ ಸುಲಭವಾಗಿ ಹೋಗುವಂತಿರಲಿಲ್ಲ.

1934ರಲ್ಲಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದರು. ಅಂಥ ವೈಭವ ಕಂಡವರು ಊರಿಗೆ ಹಿಂದಿರುಗಿ ನಾವೂ ಆಡಬೇಕು ಎಂದರೆ ಮೊದಲು ಎದುರಾಗುವುದು ಲೆಕ್ಕ. ಕೃಷ್ಣ, ಪಾಂಡವರು ಐವರು, ದುರ್ಯೋಧನ, ದುಶ್ಶಾಸನ, ಕರ್ಣ, ಶಕುನಿ, ಭೀಷ್ಮ, ದ್ರೋಣ, ಅಶ್ವತ್ಥಾಮ, ವಿದುರ, ಅಭಿಮನ್ಯು, ಸೈಂಧವ, ದ್ರೌಪದಿ, ಕುಂತಿ, ಉತ್ತರೆ: ಹತ್ತೊಂಬತ್ತು ವೇಷ. ಒಂದೊಂದಕ್ಕೂ ಅಂಗಿ, ಕವಚ, ಕಚ್ಚೆ, ಡಾಬು, ಕಿರೀಟ, ಹಾರ, ಟೋಪನ್ನು, ಮೀಸೆ, ಆಯುಧ. ವರ್ಷಕ್ಕೊಂದು ರಾತ್ರಿ ಆಡುವ ನಾಟಕಕ್ಕೆ ಇಷ್ಟನ್ನು ಹೊಲಿಸುವ ಶಕ್ತಿ ಯಾವ ಹಳ್ಳಿಗೂ ಇಲ್ಲ. ಆದರೆ ಇದೇ ಪೆಟ್ಟಿಗೆ ಇವತ್ತು ಒಂದೂರಿನಲ್ಲಿ, ನಾಡಿದ್ದು ಮತ್ತೊಂದೂರಿನಲ್ಲಿ ತೆರೆದುಕೊಂಡರೆ ಪ್ರತಿ ಊರಿನ ಪಾಲಿಗೂ ಬೀಳುವುದು ಸಣ್ಣ ಮೊತ್ತ. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ಮುಂಗಾರಿನ ಉಳುಮೆವರೆಗೆ ಹಬ್ಬ, ಜಾತ್ರೆಗಳು ಒಂದೇ ದಿನ ಬೀಳದೆ ಸಾಲಾಗಿ ಬರುತ್ತವೆ. ಬಾಡಿಗೆಯ ಕಸುಬು ನಿಂತಿರುವುದು ಈ ಪಂಚಾಂಗದ ಮೇಲೆ. ಸಾಲಕ್ಕೆ ಸಿಕ್ಕ ಕಂಪನಿ ಮುಳುಗಿದಾಗ ಪರದೆಗಳೂ ಉಡುಪಿನ ಪೆಟ್ಟಿಗೆಗಳೂ ಹರಾಜಿಗೆ ಹೋಗುತ್ತಿದ್ದವು. ಕಂಪನಿಯಲ್ಲಿ ದುಡಿದು ಕೆಲಸ ಕಳೆದುಕೊಂಡವರ ಕೈಯಲ್ಲಿ ಹೊಲಿಗೆ, ಬಣ್ಣ, ಕಿರೀಟದ ವಿದ್ಯೆ ಇತ್ತು. ಹೀಗೆ ಕಂಪನಿಯ ಸೋಲು ಹಳ್ಳಿಯ ನಾಟಕಕ್ಕೆ ಬಂಡವಾಳವಾಯಿತು. ಬೆಂಗಳೂರಿನಲ್ಲಿ ಪ್ರಭಾತ್ ಕಲಾವಿದರು ತಮ್ಮ ನೃತ್ಯನಾಟಕಗಳ ಜೊತೆಗೆ ಶಾಲೆಗಳಿಗೂ ತಂಡಗಳಿಗೂ ಉಡುಪು ಒದಗಿಸಿದ್ದು ಇದೇ ಕಸುಬಿನ ನಗರದ ರೂಪ.

ಈ ಡ್ರೆಸ್ಸಿನ ಕಟ್ಟನ್ನೇ ಗಮನವಿಟ್ಟು ನೋಡಬೇಕು. ಅದರ ಹೊಲಿಗೆಯಲ್ಲೇ ಅದರ ಸಮಾಜಶಾಸ್ತ್ರವಿದೆ. ಕವಚಕ್ಕೆ ಬೆನ್ನಿನ ಕಡೆ ಬಟನ್ ಇರುವುದಿಲ್ಲ, ಲಾಡಿ ಇರುತ್ತದೆ. ಡಾಬು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಕಿರೀಟದ ಒಳಗೆ ಬಟ್ಟೆ ಸುತ್ತಿ ಯಾವ ತಲೆಗೂ ಕೂರಿಸಬಹುದು. ಯಾರ ಮೈ ಅಳತೆಗೂ ಹೊಲಿಯದ ಈ ಅಂಗಿ ಎಲ್ಲರ ಮೈಗೂ ಸಲ್ಲುತ್ತದೆ. ಡ್ರೆಸ್ಸಿನವರ ಜಾಣ್ಮೆ ಇಲ್ಲಿ ಸಣ್ಣದಲ್ಲ. ತೆಳ್ಳಗಿನ ಭೀಮನ ಹೆಗಲಿಗೆ ಮೆತ್ತೆ ಇಟ್ಟು ದಪ್ಪ ಮಾಡುವುದು, ಓಡಾಡುವಾಗ ಕಚ್ಚೆ ಬಿಚ್ಚದಂತೆ ಬಿಗಿಯುವುದು, ಬೆವರಿಗೆ ಟೋಪನ್ನು ಜಾರದಂತೆ ಕಟ್ಟುವುದು, ಯಾವ ಸೀನಿಗೆ ಯಾರು ವೇಷ ಬದಲಿಸಬೇಕು ಎಂದು ನೆನಪಿಟ್ಟು ಮುಂಚಿತವಾಗಿ ಸಿದ್ಧಮಾಡುವುದು. ಮಖಮಲ್ಲನ್ನು ಒಗೆಯುವಂತಿಲ್ಲ, ಬಿಸಿಲಿಗೆ ಹರವಿ ಬೆವರು ಆರಿಸಬೇಕು, ಉದುರಿದ ಚಮ್ಕಿಯನ್ನು ಮತ್ತೆ ಕೂರಿಸಬೇಕು, ಅಷ್ಟರಲ್ಲಿ ಮುಂದಿನ ಊರಿನವರು ಮುಂಗಡ ಹಿಡಿದು ಬಂದಿರುತ್ತಾರೆ. ರಂಗದ ಮುಂದೆ ಹಾರ್ಮೋನಿಯಂ ಮೇಷ್ಟ್ರು, ಹಿಂದೆ ಡ್ರೆಸ್ಸಿನವರು: ಈ ಇಬ್ಬರು ಹಿಡಿದಷ್ಟು ಹೊತ್ತು ನಾಟಕ ನಿಲ್ಲುತ್ತದೆ. ಮೊದಲ ಸಲ ಬಣ್ಣ ಹಚ್ಚಿದ ಹುಡುಗನಿಗೆ ಗದೆಯನ್ನು ಯಾವ ಹೆಗಲ ಮೇಲೆ ಇಡಬೇಕು, ಸಿಂಹಾಸನದಲ್ಲಿ ಕಾಲು ಹೇಗೆ ಮಡಚಬೇಕು ಎಂದು ಹೇಳಿಕೊಡುವವರು ಈ ಬಣ್ಣದ ಕೋಣೆಯವರೇ.

ಎಲ್ಲರ ಮೈಗೂ ಸಲ್ಲುವ ಅಂಗಿ ಎಂದೆನಲ್ಲ, ಅದರ ತೂಕ ಜಾತಿಯ ಲೆಕ್ಕದಲ್ಲಿ ಅಳೆದಾಗ ಗೊತ್ತಾಗುತ್ತದೆ. ಒಬ್ಬರು ಉಟ್ಟದ್ದನ್ನು ಇನ್ನೊಬ್ಬರು ಮುಟ್ಟದ ಸಮಾಜದಲ್ಲಿ, ಒಂದು ಬೀದಿಯಲ್ಲಿ ದುರ್ಯೋಧನನ ಬೆವರು ಹೀರಿದ ಕವಚ ಎರಡು ದಿನದ ಮೇಲೆ ಇನ್ನೊಂದು ಬೀದಿಯ ದುರ್ಯೋಧನನ ಎದೆಗೆ ಬಿಗಿಯಿತು. ಮೇಲಿನ ಬೀದಿಯವರು ಕೊಟ್ಟಷ್ಟೇ ಬಾಡಿಗೆ ಕೊಟ್ಟರೆ ದಲಿತ ಕೇರಿಯಲ್ಲೂ ಅದೇ ಪೆಟ್ಟಿಗೆ ತೆರೆಯುತ್ತದೆ, ಅದೇ ಕಿರೀಟ ಹೊರಬರುತ್ತದೆ. ಊರ ಯಜಮಾನನ ಅಟ್ಟದಲ್ಲಿದ್ದ ಮರದ ಕಿರೀಟಕ್ಕೆ ಈ ಗುಣ ಬರುವಂತಿರಲಿಲ್ಲ. ದೀಕ್ಷೆಯ ವೇಷಕ್ಕೂ ಬರುವಂತಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯ ಬಡ ಕುಟುಂಬದ ಅವರು ಗುಬ್ಬಿ ಕಂಪನಿಯಲ್ಲಿ ಹಿರಣ್ಯಕಶಿಪು, ರಾವಣ, ಕಂಸರಾಗಿ ಅಬ್ಬರಿಸಿದರು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಅವರ ಮಗ ಮುತ್ತುರಾಜ ಅದೇ ಕಂಪನಿಯ ನೆರಳಿನಲ್ಲಿ ಬೆಳೆದು 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಕಂಪನಿಗೆ ಸೇರುವ ಅದೃಷ್ಟ ಅವರದಾಗಿತ್ತು. ಊರು ಬಿಡಲಾಗದ ಸಾವಿರಾರು ಪುಟ್ಟಸ್ವಾಮಯ್ಯಂದಿರಿಗೆ ಹಿರಣ್ಯಕಶಿಪು ದಕ್ಕಿದ್ದು ಬಾಡಿಗೆಯ ಟ್ರಂಕಿನ ಮೂಲಕ.

ಇದನ್ನು ಒಪ್ಪದವರ ಮಾತನ್ನೂ ಕೇಳಬೇಕು. ಮೊದಲನೆಯದು ಜಾನಪದ ವಿದ್ವಾಂಸರ ಆಕ್ಷೇಪ: ಬಾಡಿಗೆ ಡ್ರೆಸ್ಸು ಬಂದು ಮೂಡಲಪಾಯದ ಮರದ ಕಿರೀಟ ಸತ್ತಿತು. ನಷ್ಟ ನಿಜ, ದೊಡ್ಡದು. ಕಡೆಯುವ ಕೈ ಹೋದ ಮೇಲೆ ಕೆತ್ತನೆ ಮರಳಿ ಬರುವುದಿಲ್ಲ. ಆದರೆ ತಪ್ಪನ್ನು ಟ್ರಂಕಿನ ಮೇಲೆ ಹೊರಿಸುವುದು ಸರಿಯಲ್ಲ. ಬಯಲಾಟಕ್ಕೆ ಭಾಗವತ ಬೇಕು, ಕುಣಿತದ ತಾಲೀಮು ಬೇಕು, ಮೇಳವನ್ನು ಸಾಕುವ ಯಜಮಾನ ಬೇಕು. ಈ ಮೂರೂ ಕುಸಿದಾಗ ಕಿರೀಟ ಒಂದೇ ಉಳಿಯುವುದು ಸಾಧ್ಯವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಟ ಕುಸಿದಾಗಲೂ ಇಡೀ ರಾತ್ರಿ ಕೂತು ಮಹಾಭಾರತ ನೋಡುವ ಅಭ್ಯಾಸ ಈ ಊರುಗಳಲ್ಲಿ ಕುಸಿಯಲಿಲ್ಲ. ಆ ಅಭ್ಯಾಸಕ್ಕೆ ಆಸರೆಯಾದದ್ದು ಹಾರ್ಮೋನಿಯಂ ಮತ್ತು ಬಾಡಿಗೆಯ ಭುಜಕೀರ್ತಿ.

ಎರಡನೆಯದು ಆಧುನಿಕ ರಂಗಭೂಮಿಯವರ ಆಕ್ಷೇಪ: ಎಲ್ಲ ಊರಿನಲ್ಲೂ ಅದೇ ನೀಲಿ ಕೃಷ್ಣ, ಅದೇ ಹೊಳೆಯುವ ದುಶ್ಶಾಸನ, ಕ್ಯಾಲೆಂಡರು ನೋಡಿ ಹೊಲಿದ, ಸಿನಿಮಾ ನೋಡಿ ತಿದ್ದಿದ, 1988ರಿಂದ ದೂರದರ್ಶನದ ಮಹಾಭಾರತ ನೋಡಿ ಮತ್ತೆ ತಿದ್ದಿದ ಡ್ರೆಸ್ಸಿನಲ್ಲಿ ಕಲ್ಪನೆ ಎಲ್ಲಿದೆ? ಈ ಮಾತಿನ ಹಿಂದೆ ನಿಜವಾದ ಸಾಧನೆಯ ಬಲವಿದೆ. ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿದ್ದ ಬಿ.ವಿ. ಕಾರಂತರೇ ಮುಂದೆ ಕನ್ನಡ ರಂಗದ ಕಣ್ಣನ್ನು ಬದಲಿಸಿದರು. ಪ್ರೇಮಾ ಕಾರಂತರು ಹತ್ತಾರು ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡಿ ಅದು ನಾಟಕದ ಅರ್ಥವನ್ನೇ ಬೆಳೆಸುವ ಕೆಲಸ ಎಂದು ತೋರಿಸಿದರು. 1989ರಲ್ಲಿ ಮೈಸೂರಿಗೆ ರಂಗಾಯಣ ಬಂತು. ಚಾಮರಾಜನಗರದಲ್ಲೇ ಶಾಂತಲಾ ಕಲಾವಿದರಂಥ ಹವ್ಯಾಸಿ ತಂಡ ಹೊಸ ನಾಟಕಗಳನ್ನು ಆಡುತ್ತ ಬಂದಿದೆ. ಇವರ ವಸ್ತ್ರವಿನ್ಯಾಸ ನಿರ್ದೇಶಕನ ಓದಿನಿಂದ ಹುಟ್ಟುತ್ತದೆ, ಒಂದೇ ನಾಟಕಕ್ಕೆ ಸಲ್ಲುತ್ತದೆ. ಬಾಡಿಗೆಯ ಡ್ರೆಸ್ಸಿಗೆ ವಹಿಸಿದ ಕೆಲಸ ಬೇರೆ. ಸಾವಿರ ಜನ ಬಯಲಿನಲ್ಲಿ ಕೂತಿರುತ್ತಾರೆ, ನಡುರಾತ್ರಿ ಮೀರಿರುತ್ತದೆ, ವೇಷ ಕಟ್ಟಿದವನು ನಟನೆಯಲ್ಲಿ ಪಳಗಿದವನಲ್ಲ, ಎರಡು ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ ಬೇಸಾಯಗಾರ. ಅವನು ಬಾಯಿ ತೆರೆಯುವ ಮುನ್ನವೇ ಹಿಂದಿನ ಸಾಲಿನ ಅಜ್ಜಿಗೆ ಅವನು ಕರ್ಣ ಎಂದು ಗೊತ್ತಾಗಬೇಕು. ಆ ಗುರುತು ಊರೂರಿಗೂ ಒಂದೇ ಇರುವುದರಿಂದಲೇ ಅವಳಿಗೆ ತಿಳಿಯುತ್ತದೆ. ಕಲ್ಪನೆ ಇಲ್ಲ ಎಂದು ನಾವು ತಳ್ಳುವ ಏಕರೂಪ ಅನನುಭವಿ ನಟನನ್ನು ಎತ್ತಿ ಹಿಡಿಯುವ ಆಸರೆ. ಟಿ.ಪಿ. ಕೈಲಾಸಂ ನಾಟಕಗಳಂತೆ ಮನೆಯ ಬಟ್ಟೆಯಲ್ಲೇ ಆಡಬಹುದಾದ ನಾಟಕಗಳೂ ಈ ಜಿಲ್ಲೆಯ ಹಳ್ಳಿಗಳಿಗೆ ಲಭ್ಯವಿದ್ದವು, ಅಗ್ಗವೂ ಆಗಿದ್ದವು. ಆದರೂ ಹಳ್ಳಿಗಳು ದುಡ್ಡು ಕೂಡಿಸಿ ಕಿರೀಟವನ್ನೇ ಆರಿಸಿದವು. ದಿನವೂ ಉಡುವ ಬಟ್ಟೆಯನ್ನು ಒಂದು ರಾತ್ರಿ ಕಳಚಿಡಬೇಕೆನ್ನುವ ಬಯಕೆಗೆ ಗೌರವ ಕೊಡದೆ ಹಳ್ಳಿಯ ರಂಗಭೂಮಿಯನ್ನು ಅರ್ಥ ಮಾಡಿಕೊಳ್ಳಲಾಗದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ನನ್ನ ವಾದದ ಬುಡಕ್ಕೇ ತಾಗುವಂಥದ್ದು. ಜಾತಿಯ ಬಾಗಿಲು ತೆರೆದಲ್ಲಿ ಹಣದ ಬಾಗಿಲು ಮುಚ್ಚಿತಲ್ಲವೇ? ಹಳೆ ಮೈಸೂರಿನ ಈ ನಾಟಕಗಳಲ್ಲಿ ಪಾರ್ಟಿಗೆ ದುಡ್ಡು ಕಟ್ಟಬೇಕು. ದುರ್ಯೋಧನನ ಪಾರ್ಟಿಗೆ ಹೆಚ್ಚು, ಸಹದೇವನದಕ್ಕೆ ಕಡಿಮೆ. ಇರುವವನು ಚಕ್ರವರ್ತಿಯಾಗುತ್ತಾನೆ, ಇಲ್ಲದವನು ದ್ವಾರಪಾಲಕನಾಗುತ್ತಾನೆ. ಸಾಲ ಮಾಡಿ ಪಾರ್ಟು ಹಿಡಿದವರೂ ಇದ್ದಾರೆ. ಇದು ನಿಜ, ಅಲ್ಲಗಳೆಯಲು ಬಾರದು. ಇದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ: ಈ ಟ್ರಂಕು ಊರಿನ ಹೆಣ್ಣುಮಕ್ಕಳಿಗೆ ತೆರೆಯಲಿಲ್ಲ. ಮೊದಲು ದ್ರೌಪದಿಯ ಸೀರೆಯನ್ನು ಗಂಡಸೇ ಉಟ್ಟ. ಆಮೇಲೆ ಪಟ್ಟಣದಿಂದ ವೃತ್ತಿ ಕಲಾವಿದೆಯರನ್ನು ಕರೆಸುವ ಪದ್ಧತಿ ಬಂತು, ಅವರು ತಮ್ಮ ಸೀರೆ, ಒಡವೆಗಳನ್ನು ತಾವೇ ತರುತ್ತಾರೆ. ಊರ ಹೆಂಗಸು ಎರಡೂ ಕಾಲದಲ್ಲಿ ನೋಡುವವಳಾಗಿಯೇ ಉಳಿದಳು. ಬಾಡಿಗೆಯ ಡ್ರೆಸ್ಸು ಸಮಾನತೆ ತಂದಿತು ಎಂದು ನಾನು ಹೇಳುತ್ತಿಲ್ಲ. ಹುಟ್ಟಿನಿಂದ ನಿಗದಿಯಾಗಿದ್ದ ಒಂದು ಹಕ್ಕನ್ನು ಅದು ದುಡಿಮೆಯಿಂದ ಪಡೆಯಬಹುದಾದ ಹಕ್ಕಾಗಿ ಮಾಡಿತು ಎನ್ನುತ್ತಿದ್ದೇನೆ. ಹುಟ್ಟನ್ನು ಬದಲಿಸಲಾಗದು; ಚೀಟಿ ಎತ್ತಿ, ಕುರಿ ಮಾರಿ, ನೆಂಟರ ಮುಯ್ಯಿ ನೆಚ್ಚಿ ಪಾರ್ಟಿನ ದುಡ್ಡು ಕಟ್ಟಬಹುದು. ಹಾಗೆ ಕಟ್ಟಿದವರಿಂದಲೇ ಈ ನಾಟಕ ಉಳಿದು ಬಂದಿದೆ.

ಕಸುಬಿನವರ ಸ್ಥಿತಿ ಈಗ ಹೇಗಿದೆ ಎಂಬುದನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗದು. ಪಕ್ಕದ ಕೊಳ್ಳೇಗಾಲ ಜರಿ ರೇಷ್ಮೆಯ ನೇಯ್ಗೆಗೆ ಹೆಸರಾದ ಊರು. ಚಾಮರಾಜನಗರ, ಸಂತೇಮರಹಳ್ಳಿಗಳು ರೇಷ್ಮೆ ನೂಲಿನ ಕಾರ್ಖಾನೆ ಕಂಡ ಊರುಗಳು. ಆದರೂ ನಾಟಕದ ರಾಜರಿಗೆ ಈ ನೆಲದ ರೇಷ್ಮೆ ದುಬಾರಿ. ಅವರು ಉಡುವುದು ಹೊರಗಿನ ಗಿರಣಿಯ ಮಖಮಲ್ಲು, ಹುಸಿ ಜರಿ. ಕಿರೀಟಕ್ಕೆ ಫೈಬರ್ ಬಂದಿದೆ, ಮುತ್ತಿಗೆ ಪ್ಲಾಸ್ಟಿಕ್ ಬಂದಿದೆ. ನಾಟಕಗಳು ನಡೆಯುವ ತಿಂಗಳುಗಳು ಕೆಲವೇ, ಉಳಿದ ಕಾಲಕ್ಕೆ ಶಾಲೆಯ ವಾರ್ಷಿಕೋತ್ಸವ, ಮೆರವಣಿಗೆಯ ಸ್ತಬ್ಧಚಿತ್ರಗಳೇ ಗತಿ. ನಟನಿಗೆ ಹಾರ, ಮೇಷ್ಟ್ರಿಗೆ ಶಾಲು, ಡ್ರೆಸ್ಸಿನವರಿಗೆ ಬೆಳಗಿನ ಜಾವ ಎಣಿಸಿಕೊಟ್ಟ ಉಳಿಕೆ ಬಾಡಿಗೆ: ವೇದಿಕೆಯ ಗೌರವ ಇವತ್ತಿಗೂ ಈ ಕ್ರಮದಲ್ಲೇ ಹಂಚಿಕೆಯಾಗುತ್ತದೆ. ಇದು ಅನ್ಯಾಯ.

ಮೂಡಲಪಾಯದ ಕಿರೀಟಗಳಿಗೆ ಜಯಲಕ್ಷ್ಮಿ ವಿಲಾಸದಲ್ಲಿ ಜಾಗ ಸಿಕ್ಕಿದ್ದು ಅವು ಬಳಕೆಯಿಂದ ಹೋದ ಮೇಲೆ. ಬಾಡಿಗೆಯ ಡ್ರೆಸ್ಸಿಗೂ ಅದೇ ಗತಿ ಬರುವವರೆಗೆ ಕಾಯಬೇಕಾಗಿಲ್ಲ. ಚಾಮರಾಜನಗರದಲ್ಲಿ ವರನಟ ಡಾ. ರಾಜ್‌ಕುಮಾರ್ ಹೆಸರಿನ ಜಿಲ್ಲಾ ರಂಗಮಂದಿರವಿದೆ. ಅಲ್ಲಿ ಒಂದು ಕೋಣೆಯನ್ನು ಡ್ರೆಸ್ಸಿನವರ ಹಳೆಯ ಕವಚ, ತಗಡಿನ ಕಿರೀಟ, ಯಾವ ಊರಿಗೆ ಯಾವ ವರ್ಷ ಯಾವ ನಾಟಕಕ್ಕೆ ಪೆಟ್ಟಿಗೆ ಹೋಯಿತು ಎಂದು ಬರೆದಿಟ್ಟ ಬಾಡಿಗೆ ಪುಸ್ತಕಗಳಿಗೆ ಮೀಸಲಿಡಬೇಕು. ಕರ್ನಾಟಕ ನಾಟಕ ಅಕಾಡೆಮಿಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ, ಲಾಡಿ ಬಿಗಿಯುವ ಹಿರಿಯರು ಬದುಕಿರುವಾಗಲೇ ಅವರ ಮುಂದೆ ಕೂತು ಈ ಕಸುಬನ್ನು ಬರೆದುಕೊಳ್ಳಬೇಕು. ಎರಡು ತಾಲ್ಲೂಕುಗಳ ರಂಗಚರಿತ್ರೆಗೆ ಆ ಬಾಡಿಗೆ ಪುಸ್ತಕಗಳಿಗಿಂತ ಒಳ್ಳೆಯ ದಾಖಲೆ ಬೇರೆ ಸಿಗುವುದಿಲ್ಲ.